ಮುದ್ದೆ ಸುಡದ ಕೈ

ಜೋಮು ಮೊದಲು ಯಾವಾಗ ಶುರುವಾಯಿತು ಎಂದು ಎಲ್ಲ ಡಾಕ್ಟರೂ ಕೇಳಿದರು. ಪಿರಿಯಾಪಟ್ಟಣದಲ್ಲಿ ಆರು ತಿಂಗಳಾಯಿತು ಎಂದೆ. ಮೈಸೂರಿನಲ್ಲಿ ಒಂದು ವರ್ಷ ಎಂದೆ. ಸ್ಕ್ಯಾನಿಂಗ್ ಮಾಡಿದ ಚಿಕ್ಕ ವಯಸ್ಸಿನ ಡಾಕ್ಟರಿಗೆ ಎರಡು ವರ್ಷ ಎಂದೆ. ಸುಳ್ಳು ಹೇಳಬೇಕೆಂದು ಒಂದು ಸಲವೂ ಹೇಳಲಿಲ್ಲ. ಆ ದಿನ ನೆನಪು ಎಷ್ಟು ಹಿಂದಕ್ಕೆ ಹೋಗಲು ಒಪ್ಪಿತೋ ಅಷ್ಟು ಹೇಳಿದೆ. ಈಗ ಕೇಳಿದರೆ ಇನ್ನೂ ಹಿಂದಕ್ಕೆ ಹೋಗುತ್ತೇನೆ. ಮಗಳು ಸವಿತಳ ಮದುವೆಗೆ ಹೂ ಕಟ್ಟುವಾಗ ದಾರ ಬೆರಳಿಂದ ಜಾರುತ್ತಿತ್ತಲ್ಲ, ಅಲ್ಲಿಗೆ. ಆದರೆ ಆ ದಾರ ನಿಜಕ್ಕೂ ಜಾರಿತೋ, ಆಮೇಲೆ ನಾನೇ ಜಾರಿಸಿದೆನೋ, ಆಣೆ ಮಾಡಿ ಹೇಳಲಾರೆ.

ಈ ಕಥೆಯನ್ನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಬಹಳ ಜನಕ್ಕೆ ಹೇಳಿದ್ದೇನೆ. ಹೇಳಿ ಹೇಳಿ ಅದಕ್ಕೊಂದು ನುಣುಪು ಬಂದುಬಿಟ್ಟಿದೆ. ಅದರಲ್ಲಿ ಅನ್ಯಾಯ ಮಾಡಿದವಳು ನನ್ನ ಬೀಗಿತಿ, ಅನುಭವಿಸಿದವಳು ನಾನು. ಬರೆಯಲು ಕೂತ ಮೇಲೆ ಆ ಕಥೆ ನನ್ನ ಮುಂದೆ ತಲೆ ಎತ್ತಿ ನಿಲ್ಲಲಿಲ್ಲ. ಹಾಗಾಗಿ ಎಲ್ಲೆಲ್ಲಿ ತಪ್ಪಾಗಿ ಹೇಳಿಕೊಂಡು ಬಂದಿದ್ದೇನೋ ಅಲ್ಲಲ್ಲಿ ನಿಂತು ತಿದ್ದುತ್ತೇನೆ. ಬದಲಾಗದೆ ಉಳಿದದ್ದು ಒಂದು ಪ್ರಶ್ನೆ ಮಾತ್ರ. ಚೊಚ್ಚಲ ಬಸುರಿಯಾದ ಮಗಳು ಹೆರಿಗೆಗೆ ನನ್ನ ಮನೆಗೆ ಬರುತ್ತಾಳೋ ಇಲ್ಲವೋ. ಆ ವರ್ಷ ನನ್ನ ಕೈಗೆ ಆದದ್ದೆಲ್ಲ ನನ್ನ ಪಾಲಿಗೆ ಆ ಪ್ರಶ್ನೆಗೇ ಆಯಿತು. ಎರಡು ಸಾವಿರದ ಐದು ಇರಬೇಕು, ಅಥವಾ ಆರು.

ನಮ್ಮೂರು ಬೆಟ್ಟದಪುರದ ಹತ್ತಿರ. ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಹೊಲದಲ್ಲಿ ಮುರಿದು ತಂದ ಹಸಿ ಎಲೆಯನ್ನು ಎರಡೆರಡು ಮೂರುಮೂರು ಜೋಡಿಸಿ, ದಾರದಲ್ಲಿ ಬಿಗಿದು, ಉದ್ದನೆಯ ಕಡ್ಡಿಗೆ ಕಟ್ಟುತ್ತೇವೆ. ಆ ಕಡ್ಡಿಗಳು ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಏರುತ್ತವೆ. ಬೆಳಿಗ್ಗೆ ಕೂತರೆ ಹೊತ್ತು ಮುಳುಗುವವರೆಗೂ ಮಣಿಕಟ್ಟು ಒಂದೇ ತೆರನಾಗಿ ತಿರುಗುತ್ತಲೇ ಇರಬೇಕು. ಎಲೆಯ ಅಂಟು ಅಂಗೈಗೆ ಕಪ್ಪಗೆ ಮೆತ್ತಿಕೊಂಡು ಸೋಪಿಗೂ ಹೋಗುವುದಿಲ್ಲ. ಅದಕ್ಕೇ ನನ್ನ ಬೆರಳು ಜೋಮು ಹಿಡಿದಾಗ ಊರೆಲ್ಲ ಒಂದೇ ಮಾತು ಹೇಳಿತು: ಸೊಪ್ಪಿನ ನಂಜು, ಸೀಸನ್ ಮುಗಿದರೆ ಹೋಗುತ್ತದೆ.

ಸೀಸನ್ ಮುಗಿಯಿತು, ಜೋಮು ಹೋಗಲಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರನ್ನೂ ಬೇರೆ ಯಾರದ್ದೋ ಕೈಯಿಂದ ತಂದು ನನಗೆ ಹೊಲಿದ ಹಾಗಿತ್ತು. ಕಿರುಬೆರಳು ಮಾತ್ರ ನನ್ನದಾಗಿಯೇ ಉಳಿದಿತ್ತು. ಕೋಳಿ ಕೂಗುವ ಹೊತ್ತಿಗೆ ಅಂಗೈಯಲ್ಲಿ ಇರುವೆ ಗೂಡು ಒಡೆದಂತಾಗಿ ಎದ್ದು ಕೂತು ಕೈ ಒದರುತ್ತಿದ್ದೆ. ನನ್ನ ಗಂಡ ಶಿವಣ್ಣ ಮುಸುಕಿನೊಳಗಿಂದಲೇ ಕೇಳುತ್ತಿದ್ದರು:

“ಬೆಳ್ಬೆಳಿಗ್ಗೆ ಯಾರ್‍ನಮ್ಮಿ ಓಡುಸ್ತಾ ಇದ್ದೀಯೆ?”

“ನಿಮ್ಮನ್ನೇ,” ಎನ್ನುತ್ತಿದ್ದೆ.

ಆಗ ಇಬ್ಬರಿಗೂ ಅದು ನಗುವ ವಿಷಯ.

ಈಗ ಮುದ್ದೆಯ ಮಾತು. ಇದನ್ನು ಹೇಳಲು ನನಗೆ ಬಹಳ ನಾಚಿಕೆ. ಕುದಿವ ಪಾತ್ರೆಯಲ್ಲಿ ತೊಳಸಿದ ರಾಗಿ ಹಿಟ್ಟನ್ನು ಹಲಗೆಯ ಮೇಲೆ ಸುರಿದು, ಕೈಯನ್ನು ತಣ್ಣೀರಿಗೆ ಅದ್ದಿ ಅದ್ದಿ ಉಂಡೆ ಕಟ್ಟಬೇಕು. ಹೊಸದಾಗಿ ಬಂದ ಸೊಸೆ ಕೈ ಹಿಂದಕ್ಕೆ ಎಳೆದುಕೊಂಡರೆ ಮನೆಮಂದಿಯೆಲ್ಲ ನಗುತ್ತಾರೆ. ಸುಡುವುದನ್ನು ತಡೆದುಕೊಳ್ಳುವ ಕೈ ನಮ್ಮ ಕಡೆ ಮರ್ಯಾದೆಯ ಕೈ. ಆ ವರ್ಷ ಸೊಪ್ಪು ಕಟ್ಟಲು ಬಂದ ಹೆಂಗಸರಿಗೆ ಮಧ್ಯಾಹ್ನದ ಮುದ್ದೆ ನಾನೇ ಕಟ್ಟುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಕೆಂಪಕ್ಕ ಒಳಗೆ ಬಂದವಳು ನೋಡುತ್ತಾ ನಿಂತಳು.

“ಏನಮ್ಮಿ ನಿನ್ ಕೈ ಮಾಂಸದ್ದಾ ಕಬ್ಬುಣದ್ದಾ? ನೀರೇ ಮುಟ್ದಂಗೆ ಕಟ್ತಾ ಕೂತಿದ್ದೀಯಲ್ಲ!”

“ಅಭ್ಯಾಸ ಕಣಕ್ಕ.”

“ನನ್ ಸೊಸೇನ ನಾಕ್ ದಿನ ಇಲ್ಲಿಗ್ ಬುಡ್ತೀನಿ, ಕಲ್ಸು. ಅವ್ಳು ಮುದ್ದೆ ನೋಡುದ್ರೆ ಹಾವು ನೋಡ್ದಂಗಾಡ್ತಾಳೆ.”

ಹೆಂಗಸರೆಲ್ಲ ನಕ್ಕರು. ನನಗೆ ಎದೆ ಉಬ್ಬಿತು. ಮರುದಿನದಿಂದ ನೀರಿನ ಬಟ್ಟಲನ್ನೇ ಪಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಟ್ಟೆ. ನನ್ನ ಬೆರಳು ಸಾಯುತ್ತಿತ್ತು, ನಾನು ಅದನ್ನು ಹೊಗಳಿಸಿಕೊಳ್ಳುತ್ತಿದ್ದೆ. ಇದನ್ನು ಓದುವ ಯಾರದಾದರೂ ಕೈಗೆ ಇದ್ದಕ್ಕಿದ್ದ ಹಾಗೆ ಸುಡುವುದು ನಿಂತುಹೋಗಿದ್ದರೆ, ಜನ ಹೊಗಳುವ ಮೊದಲು ಡಾಕ್ಟರಿಗೆ ತೋರಿಸಿ. ನನ್ನ ಕಡೆಯಿಂದ ಹೇಳಲು ಇರುವ ಬುದ್ಧಿಮಾತು ಇಷ್ಟೇ.

ಸುಟ್ಟ ಗಾಯವನ್ನು ಮೊದಲು ಕಂಡವಳು ಸವಿತ. ಅವಳನ್ನು ಕೆ.ಆರ್. ನಗರದ ಕಡೆ ಕೊಟ್ಟಿದ್ದೆವು. ಮೂರು ತಿಂಗಳ ಬಸುರಿ, ಹಬ್ಬಕ್ಕೆಂದು ಬಂದಿದ್ದಳು. ಮುದ್ದೆ ಕಟ್ಟುತ್ತಿದ್ದ ನನ್ನ ಕೈಯನ್ನು ತಟ್ಟನೆ ಹಿಡಿದು ಬೆಳಕಿಗೆ ಎಳೆದಳು. ತೋರುಬೆರಳು, ನಡುಬೆರಳಿನ ತುದಿ ಬೆಂದು ಬೆಳ್ಳಗಾಗಿ, ಚರ್ಮ ಸುಲಿದು ಹಿಟ್ಟಿಗೆ ಅಂಟಿತ್ತು.

“ಅವ್ವ! ವಾಸ್ನೇನೂ ಬರ್ಲಿಲ್ವಾ ನಿಂಗೆ?”

“ಏನಾಯ್ತು ಈಗ?”

ಅವಳು ಸುಲಿದ ಜಾಗವನ್ನು ತನ್ನ ಉಗುರಿನಲ್ಲಿ ಮೆಲ್ಲಗೆ ಒತ್ತಿದಳು. “ಇದು?”

“ಇಲ್ಲ ಬುಡೆ.” ನಾನು ನಕ್ಕೆ. ಅವಳು ನಗಲಿಲ್ಲ.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮುಚ್ಚಿಸಿ ಗುಂಡುಸೂಜಿಯಿಂದ ಚುಚ್ಚಿದರು, ಹತ್ತಿಯಿಂದ ಸವರಿದರು. ಚುಚ್ಚಿದ್ದು ಯಾವುದು, ಸವರಿದ್ದು ಯಾವುದು ಎಂದು ಕೇಳಿದರು. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ಸಿಗದ ಹುಡುಗಿಯ ಹಾಗೆ ಸುಮ್ಮನೆ ಊಹಿಸಿದೆ. ಹೆಬ್ಬೆರಳ ಬುಡದ ಮಾಂಸದ ದಿಬ್ಬ ಕರಗಿ ಹಳ್ಳ ಬಿದ್ದಿದ್ದನ್ನು ಅವರು ತೋರಿಸಿದ ಮೇಲೇ ನೋಡಿದೆ. ಮೊಣಕೈಯ ಹಿಂದೆ ಒತ್ತಿ ನೋಡಿದರು, ಕಿವಿಯ ಹಾಲೆ ನೋಡಿದರು. ಆಮೇಲೆ, “ಬುಧವಾರ ಬನ್ನಿ, ಆ ಕೊನೆ ಕೋಣೆಗೆ,” ಎಂದರು.

ಬುಧವಾರದ ಕೋಣೆ ಯಾವುದು ಎಂದು ತಾಲ್ಲೂಕಿನ ಮಕ್ಕಳಿಗೂ ಗೊತ್ತು. ಹಳ್ಳಿಯಲ್ಲಿ ಅದರ ಹೆಸರು ಹೇಳುವುದಿಲ್ಲ. ದೊಡ್ಡರೋಗ ಎನ್ನುತ್ತಾರೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ಕುಷ್ಠ ಎಂದು ಪೂರ್ತಿ ಬರೆದಿತ್ತು. ಅದರ ಕೆಳಗಿನ ಬೆಂಚಿನಲ್ಲಿ ಸೆರಗನ್ನು ಕೈಗೆ ಸುತ್ತಿಕೊಂಡು ಕೂತಿದ್ದೆ. ಆಗ ಎದುರಿಗೆ ಬಂದವರು ಬೀಗಿತಿ ಪುಟ್ಟತಾಯಮ್ಮನವರ ತಮ್ಮ. ಬಿ.ಪಿ. ಮಾತ್ರೆ ತೆಗೆದುಕೊಳ್ಳಲು ಬಂದಿದ್ದರು.

“ಏನಕ್ಕ, ಇಲ್ಲಿ?”

“ಕೈ ಸುಟ್ಕಂಡಿದ್ದೆ ಕಣಣ್ಣ.”

ಅವರು ಬೋರ್ಡಿನ ಕಡೆ ನೋಡಿದರು, ಆಮೇಲೆ ಸುತ್ತಿದ್ದ ಸೆರಗಿನ ಕಡೆ. “ಅಂಗಾ. ಸರಿ, ಬತ್ತೀನಿ ಕಣಕ್ಕ,” ಎಂದು ಹೋದರು. ಪಕ್ಕದಲ್ಲಿ ಜಾಗವಿತ್ತು, ಕೂರಲಿಲ್ಲ. ಅವರು ಅವಸರದಲ್ಲಿದ್ದರು ಎಂದೂ ಬರೆಯಬಹುದು.

ಎರಡು ದಿನ ಕಳೆದು ಪುಟ್ಟತಾಯಮ್ಮನವರ ಫೋನು ಬಂತು. ಅವರು ಅಂದ ಮಾತು ಇದು, ಇದನ್ನು ಮಾತ್ರ ನಾನು ಬದಲಾಯಿಸಿಲ್ಲ: “ಬೀಗ್ರೇ, ಬೇಜಾರ್ ಮಾಡ್ಕಬ್ಯಾಡಿ. ಇರೋಳೊಬ್ಳು ಸೊಸೆ, ಒಟ್ಟೆಲಿ ಮಗ ಬೇರೆ. ನಿಮ್ ರಿಪೋರ್ಟ್ ಒಂದ್ ಬಂದ್ಬುಡ್ಲಿ. ಆಮ್ಯಾಕೆ ಬಾಣಂತನದ್ ಮಾತು ಆಡಾನ.”

ಆಗಲಿ ಎಂದೆ. ಫೋನಿಟ್ಟು ಅಡುಗೆಮನೆಗೆ ಹೋಗಿ ಎಷ್ಟೋ ಹೊತ್ತು ನಿಂತಿದ್ದೆ. ಹೊತ್ತು ಕಳೆದರೂ ಏನು ಮಾಡಲು ಒಳಗೆ ಬಂದೆ ಎಂದು ತಿಳಿಯಲಿಲ್ಲ.

ಆಗಿನಿಂದ ನನ್ನ ತಟ್ಟೆ ಲೋಟ ಬೇರೆಯಾಯಿತು. ಅತ್ತೆ ಬೇರೆ ಇಟ್ಟರು ಎಂದು ನಾನು ಬಹಳ ಕಡೆ ಹೇಳಿದ್ದೇನೆ, ಕೇಳಿದವರು ಲೊಚಗುಟ್ಟಿದ್ದಾರೆ. ಅತ್ತೆ ತೀರಿಕೊಂಡು ಅಷ್ಟು ಹೊತ್ತಿಗೆ ಮೂರು ವರ್ಷವಾಗಿತ್ತು. ಬೇರೆ ಇಟ್ಟವಳು ನಾನೇ. ತೊಳೆದು, ಹಿತ್ತಿಲ ಬಾಗಿಲ ಪಕ್ಕದ ಗೂಡಿನಲ್ಲಿ ಬೋರಲು ಹಾಕುತ್ತಿದ್ದೆ. ಶಿವಣ್ಣ ಎರಡು ಸಲ ಅದನ್ನು ತಂದು ಒಳಗಿಟ್ಟರು, ಎರಡು ಸಲವೂ ನಾನು ಮತ್ತೆ ಹೊರಗಿಟ್ಟೆ. ಮೂರನೆಯ ಸಲ ಅವರು ತರಲಿಲ್ಲ. ಅವರು ತರಲಿಲ್ಲ ಎಂದು ನಾನು ಅವರ ಮೇಲೆ ಸಿಟ್ಟಾದೆ.

ಕಿವಿಯ ಹಾಲೆಯಿಂದ ರಸ ತೆಗೆದು ಮಾಡಿದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೆ ಅದಕ್ಕೆ ಸಂತೋಷಪಡಲು ಡಾಕ್ಟರು ಬಿಡಲಿಲ್ಲ. ಒಂದು ಬಗೆಯದು ಚರ್ಮದಲ್ಲಿ ಕಾಣುವುದಿಲ್ಲ, ನರದೊಳಗೇ ಇರುತ್ತದೆ, ಮೈಸೂರಿಗೆ ಹೋಗಿ ಬನ್ನಿ ಎಂದರು.

ಮೈಸೂರಿನಲ್ಲಿ ನರಕ್ಕೆ ಕರೆಂಟು ಕೊಟ್ಟು ನೋಡುವ ಕೋಣೆಯ ಹೊರಗೆ ಹುಣಸೂರಿನ ಟೈಲರ್ ಒಬ್ಬರು ಸಿಕ್ಕರು, ರಹಮತ್ ಸಾಹೇಬರು. ಗಡ್ಡ ಬಿಳಿಯಾದವರು. ನಾನು ಮಾತಾಡುವ ಮನಸ್ಸಿಲ್ಲದೆ ಗೋಡೆ ನೋಡುತ್ತಾ ಕೈ ಒದರಿದೆ. ಅವರು ತಮ್ಮ ಕೈಯನ್ನೂ ಒದರಿದರು.

“ಬೆಳಗಿನ ಜಾವ ಜಾಸ್ತಿ ಅಲ್ವಾಮ್ಮ?”

“ಹೂಂ.”

“ಮೂವತ್ತು ವರ್ಷ ಕತ್ರಿ ಹಿಡಿದಿದೀನಿ. ಮೊನ್ನೆ ಗಿರಾಕಿ ಪ್ಯಾಂಟಿಗೆ ನನ್ನ ಬೆರಳನ್ನೇ ಸೇರಿಸಿ ಹೊಲ್ದುಬಿಟ್ಟೆ. ಸೂಜಿ ಹೋಗಿದ್ದು ಗೊತ್ತೇ ಆಗ್ಲಿಲ್ಲ. ಗಿರಾಕಿ ಕಿರುಚಿದ, ನಾನು ಯಾಕಪ್ಪ ಕಿರುಚ್ತೀಯ ಅಂದೆ.”

ನನಗೆ ನಗು ಬಂತು. ಎಷ್ಟೋ ದಿನದ ಮೇಲೆ. “ನಿಮಗೂ ಅದು ಅಂತ ಹೇಳಿದ್ರಾ?” ಎಂದು ಕೇಳಿದೆ.

“ಯಾವುದು?”

ನಾನು ಸೆರಗನ್ನು ಕೈಗೆ ಸುತ್ತಿಕೊಂಡೆ. ಅವರಿಗೇ ಅರ್ಥವಾಗಿ ಎದ್ದು ಬಂದು, ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಆ ವರ್ಷದಲ್ಲಿ ನನಗೆ ಸಿಕ್ಕ ಉಪಕಾರಗಳನ್ನು ಬೆರಳಲ್ಲಿ ಎಣಿಸಬಹುದು. ಇದು ಅದರಲ್ಲೊಂದು.

ಒಳಗೆ ಮಣಿಕಟ್ಟಿಗೆ ಕರೆಂಟು ಕೊಟ್ಟರು. ಕಿರುಬೆರಳ ಕಡೆಯ ನರಕ್ಕೆ ಕೊಟ್ಟಾಗ ಕೈ ಹಾರಿಬಿತ್ತು, ಪರದೆಯ ಮೇಲೆ ಗೆರೆ ಎದ್ದಿತು. ಹೆಬ್ಬೆರಳ ಕಡೆಯದಕ್ಕೆ ಎಷ್ಟು ಜಾಸ್ತಿ ಮಾಡಿದರೂ ಗೆರೆ ಏಳಲಿಲ್ಲ. ಕರೆಂಟು ಕೊಡುತ್ತಿದ್ದಾಕೆ ಯಂತ್ರವನ್ನು ತಟ್ಟಿ ನೋಡಿದಳು. ಆ ತಟ್ಟುವಿಕೆಯಲ್ಲಿ ಒಂದು ಕ್ಷಣ ನನಗೂ ಆಸೆ ಹುಟ್ಟಿತು, ಯಂತ್ರ ಕೆಟ್ಟಿರಬಹುದು ಎಂದು. ಯಂತ್ರ ಸರಿಯಿತ್ತು. ಉತ್ತರವೇ ಬರದಿದ್ದರೆ ನರ ಎಲ್ಲಿ ಕೆಟ್ಟಿದೆ ಎಂದು ಈ ಪರೀಕ್ಷೆ ಹೇಳಲಾರದಂತೆ. ಹಳ್ಳಿಯ ಫೋನು ಸತ್ತಾಗ ತಂತಿ ಎಲ್ಲಿ ಕಡಿದಿದೆ ಎಂದು ಮನೆಯೊಳಗೆ ಕೂತು ಹೇಳಲಾಗುವುದಿಲ್ಲವಲ್ಲ, ಹಾಗೆ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ನಲುಗಿದ್ದರೆ ಅದು ಬೇರೆ ಕಾಯಿಲೆ, ದುಡಿದ ಕೈಗೆ ಬರುವುದು. ಕೈಯುದ್ದಕ್ಕೂ ದಪ್ಪವಾಗಿದ್ದರೆ ಅದು ಅದೇ ಇರಬಹುದು. “ಈಗ ಹೊಟ್ಟೆ ನೋಡೋ ಸ್ಕ್ಯಾನಿಂಗಲ್ಲೇ ನರದ ದಪ್ಪ ಅಳೀತಾರಮ್ಮ, ಇಲ್ಲಿ ಒಬ್ಬರು ಹೊಸದಾಗಿ ಮಾಡ್ತಿದ್ದಾರೆ,” ಎಂದು ಅಲ್ಲಿನ ಡಾಕ್ಟರು ಚೀಟಿ ಬರೆದುಕೊಟ್ಟರು.

ಸ್ಕ್ಯಾನಿಂಗ್ ಎಂದರೆ ನಮಗೆ ಗೊತ್ತಿದ್ದದ್ದು ಸವಿತಳ ಸ್ಕ್ಯಾನಿಂಗ್ ಒಂದೇ. ಶಿವಣ್ಣ ಬಸ್ ಸ್ಟ್ಯಾಂಡಿನಲ್ಲೇ ಬಾಟಲಿ ತುಂಬಿಸಿಕೊಂಡು ಬಂದರು.

“ಕುಡಿ. ಸವಿತಂಗೆ ಅಂಗೇ ಅಲ್ವಾ ಏಳಿದ್ದು? ನೀರ್ ತುಂಬಿದ್ರೇ ಕಾಣಾದಂತೆ.”

ಕುಡಿದೆ. ಇನ್ನೊಂದು ಬಾಟಲಿಯನ್ನೂ ಕುಡಿದೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ತುಂಬ ಬಸುರಿಯರು, ಅವರ ನಡುವೆ ನಲವತ್ತು ದಾಟಿದ ನಾನು. ಗಂಡು ಹೆಣ್ಣು ಹೇಳುವುದಿಲ್ಲ ಎಂಬ ಬೋರ್ಡಿನ ಕೆಳಗೆ ತೊಡೆ ಬಿಗಿದುಕೊಂಡು ಎರಡು ಗಂಟೆ ಕೂತೆ. ಪಟ್ಟಿ ಹಿಡಿದು ಬಂದ ಆಯಾ ಸಾಲಾಗಿ ಕೇಳುತ್ತಾ ಬಂದಳು.

“ಒತ್ತಡ ಬಂದಿದೆಯಾ?”

“ಬಹಳ ಬಂದಿದೆ.”

“ಎಷ್ಟು ತಿಂಗಳು?”

“ನನಗಲ್ಲ, ಕೈಗೆ.”

ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು, ಬಾಟಲಿ ಹಿಡಿದು ನಿಂತಿದ್ದ ಶಿವಣ್ಣನನ್ನು ನೋಡಿದಳು. “ಅಯ್ಯೋ ನನ್ ತಾಯಿ, ಕೈಗ್ಯಾಕೆ ನೀರು? ಎದ್ದು ಹೋಗಿ ಬನ್ನಿ ಮೊದ್ಲು!” ಬಸುರಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ನಗುವುದೂ ಕಷ್ಟ. ಒಬ್ಬಳು, “ನಗುಸ್ಬೇಡ್ರಕ್ಕ, ಇಲ್ಲೇ ಆಗೋಗ್ತದೆ,” ಎಂದಳು.

ಒಳಗೆ ಕತ್ತಲೆ. ಡಾಕ್ಟರು ಸವಿತಳ ಗಂಡನಿಗಿಂತ ಎರಡು ವರ್ಷ ದೊಡ್ಡವರಿರಬಹುದು. ಮಣಿಕಟ್ಟಿಗೆ ತಣ್ಣನೆಯ ಅಂಟು ಸವರಿದರು ಎಂದು ಬರೆಯಲು ಹೊರಟೆ. ತಣ್ಣಗಿದ್ದದ್ದು ಮೊಣಕೈಯ ಹತ್ತಿರ ಸವರಿದಾಗ ಗೊತ್ತಾಯಿತು. ಅಂಗೈಯ ಮೇಲೆ ಅದು ತಣ್ಣಗಿತ್ತೆಂದು ನಾನು ಲೆಕ್ಕ ಹಾಕಿಕೊಂಡದ್ದು. ಪರದೆಯ ಮೇಲೆ ಬೂದು ಬಣ್ಣದ ಮಳೆ. ಅದರ ನಡುವೆ ಉದ್ದಿನಕಾಳಿನ ಹಾಗೆ ಕಪ್ಪಗೆ ಉಬ್ಬಿದ ಒಂದು ಚುಕ್ಕೆ.

“ಇದೇ ಅಮ್ಮ ನಿಮ್ಮ ನರ.”

ಅದರ ಸುತ್ತ ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆದರು, ಅಂಕಿ ಬಂತು. ಹದಿನೆಂಟು. ಅಳಿಸಿ ಮತ್ತೆ ಎಳೆದರು, ಹದಿನಾರು. ಮತ್ತೆ ಎಳೆದರು, ಹದಿನೇಳು. ಹತ್ತರ ಆಸುಪಾಸಿನಲ್ಲಿದ್ದರೆ ಚೆನ್ನಾಗಿತ್ತು ಎಂದರು.

“ಅದೇ ಕೈ ಅಲ್ವಾ ಸಾರ್, ಮೂರು ಸಲ ಮೂರು ಯಾಕೆ?”

“ಅಂಚು ಎಲ್ಲಿ ಅಂತ ತೀರ್ಮಾನ ಮಾಡೋನು ನಾನಲ್ವಾ. ಸ್ವಲ್ಪ ಆಚೀಚೆ ಆಗುತ್ತೆ. ಅದಕ್ಕೇ ಮೂರು ಸಲ.”

ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಮಾತಿಗೆ. ಅಲ್ಲಿಯವರೆಗೆ ಸಿಕ್ಕವರೆಲ್ಲ ಒಂದೇ ಸಲಕ್ಕೆ ಅಂಚು ಎಳೆದವರು. ಆಮೇಲೆ ಅವರು ಯಂತ್ರದ ತುದಿಯನ್ನು ಮಣಿಕಟ್ಟಿನಿಂದ ಮೇಲಕ್ಕೆ ಮೆಲ್ಲಗೆ ಜರುಗಿಸತೊಡಗಿದರು. ಮೇಲೂ ದಪ್ಪವಿದ್ದರೆ ಆ ಕಾಯಿಲೆಯ ಅನುಮಾನ. ನಾನು ಪರದೆ ನೋಡಲಿಲ್ಲ, ಅವರ ತುಟಿ ನೋಡುತ್ತಿದ್ದೆ. ಮುಂಗೈ ಇಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಮೊಣಕೈ ದಾಟಿತು, ಮೊಣಕೈ ಹಿಂದಿನ ಇನ್ನೊಂದು ನರ ನೋಡಿದರು, ತೋಳು ನೋಡಿದರು, ವಾಪಸ್ಸು ಬಂದರು.

“ಮೇಲೆಲ್ಲ ಸಣ್ಣಗಿದೆ. ಮಣಿಕಟ್ಟಿನ ಬಾಗಿಲಲ್ಲಿ ಮಾತ್ರ ಊದಿದೆ. ಅದಲ್ಲ ಅನ್ಸುತ್ತೆ ಅಮ್ಮ. ಇದು ಕಾರ್ಪಲ್ ಟನಲ್, ದುಡಿದ ಕೈಗೆ ಬರೋದು.”

ನಾನು ಪರದೆಯ ಕಡೆ ತಿರುಗಿದೆ. ನಂಬಲಿಲ್ಲ ಎಂದುಕೊಂಡರೋ ಏನೋ, ಅಂಟನ್ನು ತಮ್ಮ ಮಣಿಕಟ್ಟಿಗೇ ಸವರಿಕೊಂಡು ತಮ್ಮ ನರವನ್ನು ತೋರಿಸಿದರು. ಅದು ಚಪ್ಪಟೆಯಾಗಿ, ಒಳಗೆ ಜೇನುಹಟ್ಟಿಯ ಹಾಗೆ ಕಣ್ಣು ಕಣ್ಣಾಗಿತ್ತು. ನನ್ನದರಲ್ಲಿ ಕಣ್ಣುಗಳಿರಲಿಲ್ಲ. ಬರೀ ಕಪ್ಪು. “ಬಹಳ ತಡ ಮಾಡಿದ್ದೀರಿ. ಆಪರೇಷನ್ ಮಾಡಿದರೆ ನೋವು ಹೋಗುತ್ತೆ. ಸ್ಪರ್ಶ ಎಷ್ಟು ವಾಪಸ್ ಬರುತ್ತೆ ಹೇಳೋಕಾಗಲ್ಲ,” ಎಂದರು. ಆ ಮಾತು ನನ್ನ ಕಿವಿಗೆ ಬಿದ್ದಿತು, ಒಳಗೆ ಇಳಿಯಲಿಲ್ಲ. ಅದಲ್ಲ ಎಂಬುದೊಂದೇ ಒಳಗೆ ಇಳಿದಿತ್ತು.

ಹೊರಗೆ ಶಿವಣ್ಣ, “ಅದಲ್ವಂತಾ?” ಎಂದರು. “ಅದಲ್ಲ.” ಅವರು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದರು. ಹೋಟೆಲಿನಲ್ಲಿ ನನ್ನ ತಟ್ಟೆಯಿಂದ ದೋಸೆ ಮುರಿದು ತಿಂದರು, ಕೇಳದೆ. “ನಿಮ್ದು ಅಲ್ಲೇ ಇದೆಯಲ್ಲ,” ಎಂದೆ. “ನಿಂದು ಗರಿಗರಿಯಾಗೈತೆ,” ಎಂದರು.

ಆ ಶನಿವಾರವೇ ರಿಪೋರ್ಟ್ ಹಿಡಿದು ಬೀಗರ ಮನೆಗೆ ಹೋದೆವು. ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆಯಲ್ಲಿ ಪುಟ್ಟತಾಯಮ್ಮ ರಿಪೋರ್ಟನ್ನು ಮುಟ್ಟಲೂ ಇಲ್ಲ. ಕಾಗದದಲ್ಲಿ ಏನಾದರೂ ಬರೆಸಬಹುದು, ನಮ್ಮ ಸೊಸೆಯನ್ನು ಕಳಿಸುವುದಿಲ್ಲ ಎಂದು ಬಿಡುತ್ತಾರೆ. ನಾನು ಅಳುತ್ತಾ ಬಸ್ಸು ಹತ್ತುತ್ತೇನೆ. ಕೇಳಿದವರು ಯಾರೂ ಇದನ್ನು ಅನುಮಾನಿಸಿಲ್ಲ. ಹೋದ ತಿಂಗಳು ಇದೇ ರೀತಿ ಮೂರು ಪುಟ ಬರೆದೂ ಬಿಟ್ಟಿದ್ದೆ.

ಆದದ್ದು ಹೀಗೆ. ಪುಟ್ಟತಾಯಮ್ಮ ಕಾಗದವನ್ನು ಮಗನ ಕೈಗೆ ಕೊಟ್ಟರು. ಅಳಿಯ ನಿಧಾನವಾಗಿ ಓದಿ, “ಮಣಿಕಟ್ಟತ್ರ ಮಾತ್ರ ಊತ ಅಂತ ಬರೆದವ್ರೆ ಕಣವ್ವ. ಮೇಲೆಲ್ಲ ಸರಿಯಾಗೈತಂತೆ,” ಎಂದರು. ಪುಟ್ಟತಾಯಮ್ಮ ಒಂದು ಉಸಿರು ಬಿಟ್ಟರು.

“ಸರಿ ಬುಡಿ, ದೇವ್ರು ದೊಡ್ಡೋನು. ನಾನು ಫೋನಲ್ಲಿ ಅಂದಿದ್ದ ಮನ್ಸಿಗ್ ಆಕ್ಕಬ್ಯಾಡಿ ಬೀಗ್ರೇ, ಭಯ ಬಿದ್ದಿದ್ದೆ. ಚೊಚ್ಚಲು ತವ್ರಲ್ಲೇ ಆಗ್ಬೇಕು. ಒಳ್ಳೆ ದಿನ ನೋಡಿ ಕರ್ಕೊಂಡೋಗಿ.”

ಸವಿತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು.

“ನಾನ್ ಬರಲ್ಲ ಅವ್ವ.”

ಎಲ್ಲರೂ ಅವಳ ಕಡೆ ತಿರುಗಿದರು.

“ಓದುದ್ರಲ್ಲ ಈಗ? ಆ ರೋಗ ಇಲ್ಲ ಕಣೆ ನಂಗೆ,” ಎಂದೆ.

“ಇಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನಾನೇನ್ ಅದ್ಕೆ ಎದ್ರಿಲ್ಲ.”

“ಮತ್ತೆ?”

“ಮಗೀಗೆ ನೀರ್ ಉಯ್ಯೋವಾಗ ಬಿಸಿ ಯಾವ್ ಕೈಲಿ ನೋಡ್ತೀಯ?”

ಪುಟ್ಟತಾಯಮ್ಮ ಗದರಿದರು. “ಬಾಯ್ ಮುಚ್ಚಮ್ಮಿ. ಎತ್ತ ತಾಯಿ ಕಣೆ ಅವ್ರು! ಅಂಗೆಲ್ಲ ಮಾತಾಡ್ತಾರಾ?”

“ಎಡಗೈಲಿ ನೋಡ್ತೀನಿ,” ಎಂದೆ.

“ಮರ್ತೋಯ್ತೀಯ ಅವ್ವ. ನೆಪ್ಪಿಲ್ದಂಗೆ ಬಲಗೈನೇ ಮುಂದುಕ್ಕೋಯ್ತದೆ. ನಿನ್ ಬೆರಳು ಬೆಂದು ಚರ್ಮ ಕಿತ್ತು ಬಂದಿತ್ತು, ನಾನ್ ಕೈ ಇಡ್ದು ತೋರ್ಸೋಗಂಟ ನಿಂಗೆ ಗೊತ್ತಾಗ್ಲಿಲ್ಲ. ಎಣ್ಣೆ ಅಚ್ಚಿದ ಮಗ ಜಾರುದ್ರೆ ಗೊತ್ತಾಗ್ತದಾ ನಿಂಗೆ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಜಗಳ ಆಡಬಹುದಿತ್ತು. ಬೀಗಿತಿಯ ಅನುಮಾನಕ್ಕೆ ನನ್ನ ಕೈಯಲ್ಲಿ ಕಾಗದವಿತ್ತು. ಮಗಳ ಮಾತಿಗೆ ಏನೂ ಇರಲಿಲ್ಲ. ಕಾಗದದಲ್ಲಿ ಬರೆದಿದ್ದ ಅಂಕಿ ಅವಳ ಪರವಾಗಿಯೇ ಇತ್ತು. ನರ ಅಲ್ಲಿ ಊದಿದೆ, ಕಣ್ಣುಗಳಿಲ್ಲ, ಬರೀ ಕಪ್ಪು. ನನ್ನ ಹೆಸರನ್ನು ತೊಳೆದುಕೊಟ್ಟ ಅದೇ ಅಳತೆ ನನ್ನ ಕೈ ಮಗುವನ್ನು ಹಿಡಿಯಲು ಬಾರದ ಕೈ ಎಂದೂ ಹೇಳುತ್ತಿತ್ತು. ಅದನ್ನು ಹಾಗೆ ಓದಿಕೊಂಡವಳು ಅವಳೊಬ್ಬಳೇ.

ಶಿವಣ್ಣ, “ಒಬ್ರುನ್ನ ಇಟ್ಕಳಾನ ಬುಡವ್ವ, ನೀರ್ ಉಯ್ಯಾಕೆ,” ಎಂದರು. ಸವಿತ ಅಪ್ಪನ ಮುಖ ನೋಡಿ ತಲೆಯಾಡಿಸಿದಳು, ಬೇಡ ಎಂದು. ಬಸ್ಸಿನಲ್ಲಿ ನಾನು ಅಳಲಿಲ್ಲ. ಹುಣಸೂರು ಬರುವವರೆಗೂ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದೆ.

ಮನೆಗೆ ಬಂದ ವಾರದೊಳಗೆ ಕೆಂಪಕ್ಕ ಕೇಳಿದಳು, ಮಗಳನ್ನು ಯಾಕೆ ಕರೆತರಲಿಲ್ಲ ಎಂದು. “ಬೀಗ್ರು ಬುಡ್ಲಿಲ್ಲ,” ಎಂದೆ. ಬಾಯಿಂದ ತಾನಾಗಿಯೇ ಬಂತು. ಕೆಂಪಕ್ಕ ಅವರನ್ನು ಬಾಯಿ ತುಂಬ ಬೈದಳು, ನನಗೆ ಕಾಫಿ ಕಾಯಿಸಿ ಕೊಟ್ಟಳು. ಅನ್ಯಾಯವಾದವಳಿಗೆ ಊರಿನಲ್ಲಿ ಒಂದು ಜಾಗವಿದೆ, ಯಾರಾದರೂ ಪಕ್ಕದಲ್ಲಿ ಕೂರುತ್ತಾರೆ. ಕೈಲಾಗದವಳಿಗೆ ಅದಿಲ್ಲ. ಹಾಗಾಗಿ ನಾನು ಅನ್ಯಾಯವಾದವಳಾದೆ. ಪುಟ್ಟತಾಯಮ್ಮನವರು ಇದನ್ನು ಓದುತ್ತಾರೋ ಇಲ್ಲವೋ, ಅವರಲ್ಲಿ ಕ್ಷಮೆ ಕೇಳುತ್ತೇನೆ.

ಆಪರೇಷನ್ ಆಯಿತು. ಅಂಗೈಯಲ್ಲಿ ಎರಡು ಇಂಚಿನ ಗಾಯ. ಅಂದು ಮಲಗಿದವಳು ಬೆಳಕು ಹರಿದ ಮೇಲೆ ಎದ್ದೆ. ಕೈಯೊಳಗಿನ ಇರುವೆಗಳು ಹೋಗಿದ್ದವು. ಈ ಕಾಯಿಲೆಯವರು ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಆಪರೇಷನ್ನಿಗೆ ಹೆದರಬೇಡಿ, ನಿದ್ದೆ ವಾಪಸ್ ಬರುತ್ತದೆ. ಉಳಿದದ್ದನ್ನು ನಾನು ಹೇಳಲಾರೆ. ಬೇಗ ಹೋದವರಿಗೆ ಎಲ್ಲವೂ ಬರುತ್ತದಂತೆ. ಮುಂದಿನ ವರ್ಷ ಅದೇ ಡಾಕ್ಟರು ಅಳೆದಾಗ ಹದಿಮೂರು ಬಂತು, ಅವರು ಬಹಳ ಸಂತೋಷಪಟ್ಟರು. ಅವರ ಸಂತೋಷ ಕೆಡಿಸಬಾರದೆಂದು ಕೈ ಚೆನ್ನಾಗಿದೆ ಎಂದೆ. ಅಂಕಿ ಇಳಿದಿತ್ತು, ಅಷ್ಟೇ. ಹೆಬ್ಬೆರಳ ಬುಡದ ಹಳ್ಳ ತುಂಬಲಿಲ್ಲ. ಈಗಲೂ ಕುಪ್ಪಸದ ಹುಕ್ಕನ್ನು ಎಡಗೈಯಲ್ಲಿ ಹಾಕಿಕೊಳ್ಳುತ್ತೇನೆ. ಸೊಪ್ಪಿಗೆ ಕೂರುವುದಿಲ್ಲ. ಮುಟ್ಟಿದ್ದು ಒದ್ದೆ ಕಂಬಳಿಯ ಆಚೆಯಿಂದ ಮುಟ್ಟಿದ ಹಾಗೆ ತಿಳಿಯುತ್ತದೆ, ಕೆಲವು ದಿನ ತಿಳಿಯುವುದಿಲ್ಲ.

ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ಸವಿತಳಿಗೆ ಹೆಣ್ಣು ಮಗುವಾಯಿತು, ಕೆ.ಆರ್. ನಗರದಲ್ಲೇ. ಹನ್ನೊಂದರ ದಿನ ಹೋದೆ. ಬಚ್ಚಲಲ್ಲಿ ಪುಟ್ಟತಾಯಮ್ಮ ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿಕೊಂಡಿದ್ದರು. ಪ್ರತಿ ಚೊಂಬಿಗೂ ಮೊದಲು ಅವರ ಕೈ ನೀರಿಗೆ ಹೋಗುತ್ತಿತ್ತು. ಒಂದು ಸಲ ಚುರಕ್ ಎಂದು ಹಿಂದೆ ಸರಿಯಿತು, ತಣ್ಣೀರು ಬೆರೆಸಿದರು. ಸುಟ್ಟದ್ದಕ್ಕೆ ಹಿಂದೆ ಸರಿಯುವ ಕೈಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಒರೆಸಿ, ಹೊಗೆ ಹಾಕಿ, ಬಟ್ಟೆ ಸುತ್ತಿದ ಮೇಲೆ ಸವಿತ ಮಗುವನ್ನು ನನ್ನ ಹತ್ತಿರ ತಂದಳು. “ಎತ್ಕೊ ಅವ್ವ,” ಎಂದಳು. ಚಾಪೆಯ ಮೇಲೆ ಕೂತು ಮಡಿಲು ಒಡ್ಡಿದೆ. ಮಲಗಿಸಿದಳು. ಮಗುವಿನ ತಲೆಯ ಕೆಳಗೆ ನನ್ನ ಬಲಗೈ. ನನ್ನ ಬಲಗೈಯ ಕೆಳಗೆ ಅವಳ ಕೈ.

“ಅವ್ವ, ನೋಡು, ಬೆರಳು ಇಡ್ಕತು,” ಎಂದಳಂತೆ ಸವಿತ ಆಗ. ಅವಳು ಈಗಲೂ ಹೇಳುತ್ತಾಳೆ, ಮಗು ತನ್ನ ಕಿವಿಯ ಪಕ್ಕ ಚಾಚಿದ್ದ ನನ್ನ ತೋರುಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿತ್ತು, ಬಹಳ ಹೊತ್ತು ಬಿಡಲಿಲ್ಲ ಎಂದು. ಹೌದು ಎನ್ನುತ್ತೇನೆ. ನನಗೆ ಗೊತ್ತಿಲ್ಲ. ನನ್ನ ಬೆರಳು ಹೇಳಲಿಲ್ಲ, ಕಣ್ಣು ಅಲ್ಲಿರಲಿಲ್ಲ. ನನ್ನ ಕೈಯ ಕೆಳಗಿಟ್ಟ ತನ್ನ ಕೈಯನ್ನು ಮಗಳು ಯಾವಾಗ ತೆಗೆಯುತ್ತಾಳೆ ಎಂದು ನಾನು ಅದನ್ನೇ ನೋಡುತ್ತಿದ್ದೆ.